ಪವರ್‌ಬೋಟ್ ರೇಸ್ ದಿನ ನದಿಗೆ ಬೀಗ ಯಾಕೆ?

ಒಂದು ಚಿಕ್ಕ ಲೆಕ್ಕ ಮಾಡೋಣ. ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಓಡುವ ರೇಸ್ ದೋಣಿ ಒಂದು ಸೆಕೆಂಡಿಗೆ ಸುಮಾರು 67 ಮೀಟರ್ ದಾಟುತ್ತದೆ. ಎದುರಿಗೆ ಏನೋ ಇದೆ ಅಂತ ಚಾಲಕನ ಕಣ್ಣಿಗೆ ಬಿದ್ದು, ಅದು ತಲೆಗೆ ಹೊಳೆದು, ಕೈ ಆಡುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆಯಿತು ಅಂದುಕೊಳ್ಳಿ. ಅಷ್ಟರಲ್ಲಿ ದೋಣಿ 100 ಮೀಟರ್ ಮುಂದೆ ಬಂದಿರುತ್ತದೆ.

ಈಗ ಅದೇ ನದಿಯಲ್ಲಿ ಒಬ್ಬ ಮೀನುಗಾರ ಚಿಕ್ಕ ಎಂಜಿನ್ ಹಾಕಿಕೊಂಡು, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಈ ದಡದಿಂದ ಆ ದಡಕ್ಕೆ ಹೊರಟಿದ್ದಾನೆ. ಅವನಿಗೆ 100 ಮೀಟರ್ ದಾಟಲು 36 ಸೆಕೆಂಡ್ ಬೇಕು. ಅದೇ 36 ಸೆಕೆಂಡಿನಲ್ಲಿ ರೇಸ್ ದೋಣಿ 2.4 ಕಿಲೋಮೀಟರ್ ಓಡಿ ಬರುತ್ತದೆ. ಅಂದರೆ ಮೀನುಗಾರ ಎಡಕ್ಕೂ ಬಲಕ್ಕೂ ನೋಡಿಯೇ ಹೊರಟಿರುತ್ತಾನೆ. ಹೊರಟಾಗ ನದಿ ಖಾಲಿಯೇ ಇರುತ್ತದೆ. ಅವನು ನಡುನೀರಿಗೆ ಬರುವಷ್ಟರಲ್ಲಿ ತಿರುವಿನ ಆಚೆ ಇದ್ದ ರೇಸ್ ದೋಣಿ ಅವನ ಪಕ್ಕದಲ್ಲಿರುತ್ತದೆ.

ಪವರ್‌ಬೋಟ್ ರೇಸ್ ನಡೆಯುವಾಗ ನದಿಯ ಒಂದು ಭಾಗವನ್ನು ಕೆಲವು ಗಂಟೆ ಮುಚ್ಚುವುದಕ್ಕೆ ಮೊದಲ ಕಾರಣ ಇದು. ಇದು ಎಲ್ಲರಿಗೂ ತಟ್ಟನೆ ಅರ್ಥವಾಗುತ್ತದೆ. ಆದರೆ ಇದೊಂದೇ ಕಾರಣವಾಗಿದ್ದರೆ ದೋಣಿಗಳು ಓಡುವ ಜಾಗಕ್ಕೆ ಮಾತ್ರ ಗಡಿ ಹಾಕಿ, ಮಿಕ್ಕ ನೀರನ್ನು ಜನರಿಗೆ ಬಿಟ್ಟುಬಿಡಬಹುದಿತ್ತು. ಹಾಗೆ ಮಾಡುವುದಿಲ್ಲ. ರೇಸ್ ಸುತ್ತಿಗಿಂತ, ಅಂದರೆ ದೋಣಿಗಳು ಸುತ್ತು ಹಾಕುವ ದಾರಿಗಿಂತ, ಜಾಸ್ತಿ ಉದ್ದದ ನದಿಯನ್ನೇ ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ. ದೂರದಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರಿಗೂ 'ನಿಧಾನ, ಅಲೆ ಎಬ್ಬಿಸಬೇಡಿ' ಅಂತ ಗಸ್ತು ದೋಣಿ ಬಂದು ಹೇಳುತ್ತದೆ.

ಆಗ ಕೋಪ ಬರುವುದು ಸಹಜ. ನದಿ ಎಲ್ಲರದ್ದು ಅಲ್ವಾ? ನಾನು ಯಾರ ದಾರಿಗೂ ಅಡ್ಡ ಬಂದಿಲ್ಲವಲ್ಲ? ಈ ಎರಡು ಪ್ರಶ್ನೆಗೂ ಉತ್ತರ ಸಿಗಬೇಕು. ಎರಡನೆಯದರಿಂದ ಶುರು ಮಾಡುತ್ತೇನೆ. ಯಾಕೆಂದರೆ ಜನಕ್ಕೆ ಗೊತ್ತಿಲ್ಲದ ವಿಷಯ ಅಲ್ಲಿದೆ. ರೇಸ್ ದೋಣಿಯಿಂದ ಮೀನುಗಾರನಿಗೆ ಎಷ್ಟು ಅಪಾಯವಿದೆಯೋ, ಮೀನುಗಾರನಿಂದ ರೇಸ್ ದೋಣಿಗೂ ಅಷ್ಟೇ ಅಪಾಯವಿದೆ. ಅದೂ ಅವನು ಅಲ್ಲಿಂದ ಹೊರಟುಹೋದ ಮೇಲೆ.

ಮೂರು ಕಡೆ ಮಾತ್ರ ನೀರು ಮುಟ್ಟುವ ದೋಣಿ

ರೇಸ್ ದೋಣಿಗಳಲ್ಲಿ ಬೇರೆ ಬೇರೆ ವರ್ಗಗಳಿವೆ. ಅಮೆರಿಕದ ನದಿಗಳಲ್ಲಿ ಓಡುವ ಅನ್‌ಲಿಮಿಟೆಡ್ ಹೈಡ್ರೋಪ್ಲೇನ್ ಅವುಗಳಲ್ಲಿ ಒಂದು ದೈತ್ಯ. ಸುಮಾರು 30 ಅಡಿ ಉದ್ದ, ಸುಮಾರು ಮೂರು ಟನ್ ತೂಕ. ಚಿನೂಕ್ ಹೆಲಿಕಾಪ್ಟರನ್ನು ಎತ್ತುವ ಲೈಕಮಿಂಗ್ ಟಿ-55 ಟರ್ಬೈನ್ ಎಂಜಿನ್ನನ್ನೇ ಇದಕ್ಕೂ ಕೂರಿಸಿರುತ್ತಾರೆ. ಸುಮಾರು 3,000 ಅಶ್ವಶಕ್ತಿ. ನೇರ ದಾರಿಯಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಫಾರ್ಮುಲಾ ಒನ್ ಪವರ್‌ಬೋಟ್ ಇದಕ್ಕಿಂತ ತುಂಬಾ ಚಿಕ್ಕದು, ಹಗುರ. ನಿಂತಲ್ಲಿಂದ 100 ಕಿಲೋಮೀಟರ್ ವೇಗ ಹಿಡಿಯಲು ಅದಕ್ಕೆ ಎರಡು ಸೆಕೆಂಡ್ ಆಸುಪಾಸು ಸಾಕು. ಅದಕ್ಕೆ ಬ್ರೇಕ್ ಇಲ್ಲ, ಗೇರೂ ಇಲ್ಲ.

ಹೈಡ್ರೋಪ್ಲೇನ್ ಹೇಗೆ ಓಡುತ್ತದೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ನಾವು ನೋಡಿದ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಇದು ಹಾಗಲ್ಲ. ಮುಂಭಾಗದಲ್ಲಿ ಎರಡೂ ಪಕ್ಕಕ್ಕೆ ಪಾದದ ಥರ ಚಾಚಿಕೊಂಡ ಎರಡು ಭಾಗಗಳಿರುತ್ತವೆ. ಅವುಗಳ ಹಿಂಬದಿ ನೀರನ್ನು ಸವರುತ್ತದೆ. ಹಿಂದೆ ಪ್ರೊಪೆಲ್ಲರ್ ಅರ್ಧ ಮಾತ್ರ ನೀರಿನಲ್ಲಿ ಮುಳುಗಿರುತ್ತದೆ. ಈ ಮೂರು ಕಡೆ ಬಿಟ್ಟರೆ ಮಿಕ್ಕ ದೋಣಿಯೆಲ್ಲ ಗಾಳಿಯ ಮೇಲೆ. ಎರಡು ಪಾದಗಳ ನಡುವೆ ನುಗ್ಗುವ ಗಾಳಿ ದೋಣಿಯನ್ನು ಕೆಳಗಿನಿಂದ ಎತ್ತಿ ಹಿಡಿದಿರುತ್ತದೆ. ನೀರು ತಾಗಿದಷ್ಟೂ ವೇಗ ಕಡಿಮೆ. ಅದಕ್ಕೇ ತಾಗಿಯೂ ತಾಗದ ಹಾಗೆ ಓಡಿಸುವುದು.

ತೊಂದರೆ ಇರುವುದೂ ಅಲ್ಲೇ. ಮೂತಿ ಸ್ವಲ್ಪ ಜಾಸ್ತಿ ಮೇಲೆದ್ದರೆ ಗಾಳಿ ಒಳಗೆ ನುಗ್ಗಿ ಇನ್ನೂ ಮೇಲಕ್ಕೆ ತಳ್ಳುತ್ತದೆ. ಮೇಲೆದ್ದಷ್ಟೂ ಗಾಳಿಗೆ ಸಿಗುವ ಜಾಗ ದೊಡ್ಡದಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ದೋಣಿ ಗಾಳಿಯಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ರೇಸ್ ಮಂದಿ ಇದನ್ನು ಬ್ಲೋಓವರ್ ಅನ್ನುತ್ತಾರೆ. ಈ ಕ್ರೀಡೆಯ ದೊಡ್ಡ ಚಾಂಪಿಯನ್ನರಾಗಿದ್ದ ಬಿಲ್ ಮನ್ಸಿ 1981ರಲ್ಲಿ ಮೆಕ್ಸಿಕೋದ ಅಕಪುಲ್ಕೊದಲ್ಲಿ ಹೀಗೇ ತೀರಿಕೊಂಡರು. ಮರುವರ್ಷ ಡೀನ್ ಚೆನೊವೆತ್ ಅಮೆರಿಕದ ಕೊಲಂಬಿಯಾ ನದಿಯಲ್ಲಿ ಹೀಗೇ ಹೋದರು. ಇಬ್ಬರೂ ತೆರೆದ ಸೀಟಿನಲ್ಲಿ ಕೂತು ಓಡಿಸುತ್ತಿದ್ದವರು. ಅದಾದ ಕೆಲವೇ ವರ್ಷಗಳಲ್ಲಿ ಎಫ್-16 ಯುದ್ಧವಿಮಾನದ ಗಟ್ಟಿ ಮುಚ್ಚಳವನ್ನು ದೋಣಿಗೆ ಅಳವಡಿಸಿದರು. ಚಾಲಕನನ್ನು ಅದರೊಳಗೆ ಪಟ್ಟಿ ಬಿಗಿದು ಕೂರಿಸಿದರು. ಅದರಿಂದ ಉಳಿದ ಜೀವಗಳು ಬಹಳ.

ಮುಚ್ಚಳದೊಳಗೆ ಕೂತವನಿಗೆ ಹೊರಗಿನ ಜಗತ್ತು ಎಷ್ಟು ಕಾಣುತ್ತದೆ ಅಂತ ಯೋಚಿಸಿ. ಹೈಡ್ರೋಪ್ಲೇನ್ ತನ್ನ ಹಿಂದೆ ನೀರಿನ ದೊಡ್ಡ ಗೋಡೆಯನ್ನೇ ಎಬ್ಬಿಸುತ್ತದೆ. ಹುಂಜದ ಬಾಲದ ಹಾಗೆ ಬಾಗಿ ಬೀಳುವುದರಿಂದ ಅದಕ್ಕೆ ರೂಸ್ಟರ್‌ಟೇಲ್ ಅಂತ ಹೆಸರು. ಹಲವು ಮಹಡಿ ಎತ್ತರ, ಫುಟ್‌ಬಾಲ್ ಮೈದಾನದ ಹತ್ತಿರದಷ್ಟು ಉದ್ದ. ಹಿಂದಿನಿಂದ ಬರುವ ದೋಣಿಯ ಗಾಜಿನ ಮೇಲೆ ಈ ನೀರು ಬಿದ್ದರೆ ಚಾಲಕನಿಗೆ ಮುಂದೇನಿದೆ ಅಂತ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಎತ್ತರದ ಜಾಗದಲ್ಲಿ ನಿಂತ ತಂಡದವರು ರೇಡಿಯೋದಲ್ಲಿ ಹೇಳಿದ್ದೇ ಅವನಿಗೆ ಕಣ್ಣು. ನೀರಿನ ಮಟ್ಟದಲ್ಲಿ ಕೂತು ಹುಟ್ಟು ಹಾಕುವ ಕಯಾಕಿನವನು ಅವನಿಗೆ ಕಾಣುವ ಸಾಧ್ಯತೆ ಬಹಳ ಕಡಿಮೆ.

ಕಂಡರೂ ತಪ್ಪಿಸುವುದು ಹೇಗೆ? ಈ ದೋಣಿಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಎಡಕ್ಕೆ ತಿರುಗುತ್ತ ಸುತ್ತು ಹಾಕುತ್ತವೆ. ತಿರುವಿನಲ್ಲಿ ಜಾರದಂತೆ ನೀರನ್ನು ಕಚ್ಚಿ ಹಿಡಿಯುವ ಲೋಹದ ರೆಕ್ಕೆ ಎಡಗಡೆ ಮಾತ್ರ ಇರುತ್ತದೆ. ಅಷ್ಟು ವೇಗದಲ್ಲಿ ಬಲಕ್ಕೆ ಥಟ್ಟನೆ ಎಳೆದು ಪಾರಾಗೋಣ ಅಂದರೆ ದೋಣಿ ಕೇಳುವುದಿಲ್ಲ.

ಹೋದ ಮೇಲೆ ಬರುವ ಅಲೆ

ಈಗ ಮೀನುಗಾರನ ಕಡೆಗೆ ಬರೋಣ. ಅವನು ಜಾಣ, ರೇಸ್ ಸುತ್ತಿನಿಂದ 400 ಮೀಟರ್ ದೂರದಲ್ಲಿಯೇ ಹೋಗುತ್ತಿದ್ದಾನೆ. ಹಗುರ ದೋಣಿ, ಗಂಟೆಗೆ 30 ಕಿಲೋಮೀಟರ್ ವೇಗ. ಯಾರಿಗೂ ಅಡ್ಡವಿಲ್ಲ ಅಂತಲೇ ಅವನ ನಂಬಿಕೆ. ಅವನ ಹಿಂದೆ ನೀರು ಎರಡು ಪಾಲಾಗಿ ತೆರೆದುಕೊಂಡು, ಸಾಲು ಸಾಲು ಅಲೆ ಹೊರಡುತ್ತದೆ. ಒಂದು ಅಲೆಯ ನೆತ್ತಿಗೂ ಮುಂದಿನ ಅಲೆಯ ನೆತ್ತಿಗೂ ನಾಲ್ಕು ಮೀಟರ್ ಅಂತರ ಅಂತಿಟ್ಟುಕೊಳ್ಳಿ.

ಆಳದ ನೀರಿನಲ್ಲಿ ಇಂಥ ಅಲೆಗಳ ಗುಂಪು ಸೆಕೆಂಡಿಗೆ ಒಂದೂಕಾಲು ಮೀಟರ್ ವೇಗದಲ್ಲಿ ಸಾಗುತ್ತದೆ. ನಡೆದುಹೋಗುವ ಮನುಷ್ಯನಿಗಿಂತ ತುಸು ನಿಧಾನ. 400 ಮೀಟರ್ ದಾಟಲು ಅದಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟು ಹೊತ್ತಿಗೆ ಮೀನುಗಾರ ಎರಡೂವರೆ ಕಿಲೋಮೀಟರಿಗೂ ಆಚೆ ಇರುತ್ತಾನೆ. ರೇಸ್ ಸುತ್ತಿನ ಹತ್ತಿರ ಯಾವ ದೋಣಿಯೂ ಕಾಣುವುದಿಲ್ಲ. ಆದರೆ ಅವನು ಎಬ್ಬಿಸಿದ ಅಲೆ ಈಗ ಸುತ್ತಿನೊಳಗೆ ಬರುತ್ತಿದೆ.

ದಡದಲ್ಲಿ ನಿಂತವರಿಗೆ ಅದು ಅಲೆ ಅಂತಲೂ ಅನ್ನಿಸುವುದಿಲ್ಲ. ಗಾಳದ ಬೆಂಡು ನಾಲ್ಕು ಸಲ ಕುಣಿದು ಸುಮ್ಮನಾಗುತ್ತದೆ, ಅಷ್ಟೇ. ಸೆಕೆಂಡಿಗೆ 67 ಮೀಟರ್ ಓಡುವ ದೋಣಿಗೆ ಇದೇ ಅಲೆಗಳು ಸೆಕೆಂಡಿಗೆ ಹದಿನಾರು ಹೊಡೆತದ ಲೆಕ್ಕದಲ್ಲಿ ಸಿಗುತ್ತವೆ. ನೀರು ಗಾಳಿಗಿಂತ 800 ಪಟ್ಟು ದಟ್ಟ. ಆ ವೇಗದಲ್ಲಿ ಅದು ಮೆತ್ತಗಿರುವುದಿಲ್ಲ, ರಸ್ತೆಯ ಉಬ್ಬಿನ ಹಾಗೆ ಗುದ್ದುತ್ತದೆ. ಒಂದು ಪಾದ ಮೇಲೆದ್ದರೆ ಸಾಕು. ಮೂತಿಯ ಕೆಳಗೆ ಗಾಳಿ ನುಗ್ಗಲು ದಾರಿಯಾಯಿತು.

ವೇಗದ ದಾಖಲೆಗೆ ಹೊರಟವರು ಈ ಪಾಠವನ್ನು ಜೀವ ಕೊಟ್ಟು ಕಲಿಸಿದ್ದಾರೆ. 1952ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಜಾನ್ ಕಾಬ್ ಎಂಬುವರು 'ಕ್ರುಸೇಡರ್' ಎಂಬ ಜೆಟ್ ದೋಣಿ ಓಡಿಸಿದರು. ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ದೋಣಿ ಅಲೆಗಳಿಗೆ ಸಿಕ್ಕಿ ನುಚ್ಚುನೂರಾಯಿತು. ಕಾಬ್ ಉಳಿಯಲಿಲ್ಲ. ಅವರದೇ ತಂಡದ ಒಂದು ದೋಣಿ ಅದಕ್ಕೆ ಮೊದಲು ಅಲ್ಲಿ ಓಡಾಡಿತ್ತು, ಅದರ ಅಲೆಗಳೇ ಕಾರಣ ಅಂತ ಆಗ ಬಹಳ ಜನ ಹೇಳಿದರು. ದೋಣಿಯ ಮುಂಭಾಗದ ರಚನೆ ಸಾಕಷ್ಟು ಗಟ್ಟಿ ಇರಲಿಲ್ಲ ಅನ್ನುವ ಮಾತೂ ಇದೆ. ಎರಡೂ ಸೇರಿಯೇ ಆ ಅನಾಹುತ ಆಗಿರಬೇಕು ಅಂತ ನನಗನ್ನಿಸುತ್ತದೆ. ಗಟ್ಟಿ ಇಲ್ಲದ ದೋಣಿಯೂ ಗಾಜಿನಂಥ ನೀರಿನ ಮೇಲೆ ಉಳಿಯುತ್ತಿತ್ತೇನೋ.

ಇನ್ನೊಂದು 1967ರ ಜನವರಿ 4ರದ್ದು. ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ 'ಬ್ಲೂಬರ್ಡ್' ದೋಣಿಯನ್ನು ಒಂದು ದಿಕ್ಕಿಗೆ ಗಂಟೆಗೆ 479 ಕಿಲೋಮೀಟರ್ ವೇಗದಲ್ಲಿ ಓಡಿಸಿದರು. ದಾಖಲೆ ಬೇಕಾದರೆ ಎರಡೂ ದಿಕ್ಕಿಗೆ ಓಡಿಸಬೇಕು. ಮೊದಲ ಓಟದಲ್ಲಿ ಎದ್ದ ಅಲೆಗಳು ತಣ್ಣಗಾಗುವವರೆಗೆ ಕಾಯದೆ ಅವರು ವಾಪಸ್ ಹೊರಟರು. ದೋಣಿ ಮೂತಿ ಎತ್ತಿ ಪಲ್ಟಿಯಾಯಿತು. ಆ ಸಾವಿಗೆ ತಜ್ಞರು ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ. ಕಾಯದೆ ಹೋದ ಆ ಕೆಲವು ನಿಮಿಷದ ಮಾತು ಮಾತ್ರ ಪ್ರತಿ ಚರ್ಚೆಯಲ್ಲೂ ಬರುತ್ತದೆ.

ಇವೆರಡೂ ಸರೋವರಗಳು, ನಿಂತ ನೀರು. ನದಿಯಲ್ಲಿ ಅಲೆಯ ಕಾಟ ಇನ್ನೂ ಜಾಸ್ತಿ. ಊರಿನ ನಡುವೆ ಹರಿಯುವ ನದಿಗೆ ಎರಡೂ ಕಡೆ ಕಾಂಕ್ರೀಟಿನ ಅಥವಾ ಕಬ್ಬಿಣದ ತಡೆಗೋಡೆ ಇರುತ್ತದೆ. ಕಲ್ಲು, ಮರಳಿನ ಇಳಿಜಾರು ದಡವಿದ್ದರೆ ಅಲೆ ಅಲ್ಲೇ ಒಡೆದು ಸಾಯುತ್ತದೆ. ನೆಟ್ಟಗಿನ ಗೋಡೆಗೆ ಬಡಿದ ಅಲೆ ಹಾಗೇ ತಿರುಗಿ ಬರುತ್ತದೆ. ಅಮೆರಿಕದ ಡೆಟ್ರಾಯಿಟ್ ನದಿಯ ರೇಸ್ ಈ ಕಾರಣಕ್ಕೇ ಚಾಲಕರಿಗೆ ಕಷ್ಟದ್ದಾಗಿತ್ತು. ಒಂದು ದೋಣಿ ಎಬ್ಬಿಸಿದ ಅಲೆ ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಇರುತ್ತದೆ.

ಒಂದು ಸುತ್ತಿನ ರೇಸ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಸುಮಾರು ಹೊತ್ತು ಏನೂ ನಡೆಯದಿದ್ದರೂ ನದಿಯನ್ನು ಯಾಕೆ ತೆರೆಯುವುದಿಲ್ಲ ಅಂತ ಜನ ಕೇಳುತ್ತಾರೆ. ಖಾಲಿ ಬಿದ್ದಿದೆಯಲ್ಲ, ಎರಡು ನಿಮಿಷದಲ್ಲಿ ದಾಟಿಬಿಡುತ್ತೇವೆ ಅಂತ. ಆದರೆ ಆ ಹೊತ್ತಿನಲ್ಲಿ ಎಲ್ಲರೂ ಕಾಯುತ್ತಿರುವುದು ನೀರು ಸಪಾಟಾಗಲಿ ಅಂತಲೇ. ಎರಡು ನಿಮಿಷದಲ್ಲಿ ದಾಟಿದ ದೋಣಿಯ ಅಲೆ ತಣ್ಣಗಾಗಲು ಮತ್ತೆ ಹತ್ತು ನಿಮಿಷ ಬೇಕಾದೀತು.

ಹರಿಯುವ ನೀರಿನ ಕಷ್ಟ

ನದಿ ನಿಲ್ಲುವುದಿಲ್ಲ. ನದಿಯ ಸೆಳವು ಸೆಕೆಂಡಿಗೆ ಒಂದೂವರೆ ಮೀಟರ್ ಇದ್ದರೆ, ರೇಸ್ ಜಾಗಕ್ಕಿಂತ 600 ಮೀಟರ್ ಮೇಲೆ ಎಂಜಿನ್ ಕೆಟ್ಟು ನಿಂತ ದೋಣಿ ಏಳು ನಿಮಿಷದೊಳಗೆ ತೇಲಿಕೊಂಡು ಸುತ್ತಿನೊಳಗೆ ಬರುತ್ತದೆ. ಯಾರೂ ಅದನ್ನು ಓಡಿಸಬೇಕಿಲ್ಲ. ಮುಚ್ಚುವ ಜಾಗ ಮೇಲ್ಗಡೆಗೆ ಅಷ್ಟು ದೂರ ಚಾಚಿಕೊಳ್ಳುವುದಕ್ಕೆ ಇದೊಂದು ಕಾರಣ.

ಕೆಳಗಡೆಗೆ ಚಾಚುವುದಕ್ಕೆ ಬೇರೆ ಕಾರಣವಿದೆ. ರೇಸ್ ದೋಣಿ ಒಡೆದರೆ ಚೂರುಗಳು ಸೆಳವಿನ ಜೊತೆ ಹೋಗುತ್ತವೆ. ಅರ್ಧ ಮುಳುಗಿ ತೇಲುವ ಕಾರ್ಬನ್ ಫೈಬರ್ ತುಂಡು ಕೆಳಗೆ ಬರುತ್ತಿರುವ ಚಿಕ್ಕ ದೋಣಿಯ ತಳವನ್ನು ಸೀಳಬಲ್ಲದು. ಜೊತೆಗೆ ಅಪಘಾತವಾದ ದೋಣಿ ಕೂಡ ಒಂದೇ ಕಡೆ ನಿಲ್ಲದೆ ಕೆಳಕ್ಕೆ ಜಾರುತ್ತಿರುತ್ತದೆ. ಅದರ ಬೆನ್ನು ಹತ್ತಿ ಹೋಗುವ ರಕ್ಷಣಾ ದೋಣಿಗೆ ಅಡ್ಡವಿಲ್ಲದ ನೀರು ಬೇಕು. ಮಗುಚಿದ ದೋಣಿಯೊಳಗೆ ಚಾಲಕ ತಲೆಕೆಳಗಾಗಿ, ಪಟ್ಟಿಯಲ್ಲಿ ಬಿಗಿದುಕೊಂಡು, ಆಮ್ಲಜನಕದ ಮುಖವಾಡದಲ್ಲಿ ಉಸಿರಾಡುತ್ತ ಇರುತ್ತಾನೆ. ಅವನನ್ನು ಹೊರತೆಗೆಯಲು ದೋಣಿಯ ತಳದಲ್ಲೇ ಒಂದು ಬಾಗಿಲು ಇಟ್ಟಿರುತ್ತಾರೆ. ಮುಳುಗುಗಾರರು ನೀರಿಗೆ ಹಾರುವುದು ಸೆಕೆಂಡುಗಳ ಲೆಕ್ಕದಲ್ಲಿ. ದಾರಿಯಲ್ಲಿ ನೋಡಲು ಬಂದವರ ನಾಲ್ಕು ದೋಣಿ ಲಂಗರು ಹಾಕಿ ನಿಂತಿದ್ದರೆ ಆ ಸೆಕೆಂಡುಗಳು ಕೈ ಬಿಟ್ಟುಹೋಗುತ್ತವೆ.

ಇನ್ನು ರೇಸ್ ಶುರುವಾಗುವ ರೀತಿ. ಹೈಡ್ರೋಪ್ಲೇನ್‌ಗಳು ಗೆರೆಯ ಮೇಲೆ ಸಾಲಾಗಿ ನಿಂತು ಹೊರಡುವುದಿಲ್ಲ. ಗಡಿಯಾರ ಸೊನ್ನೆಗೆ ಬರುವ ಹೊತ್ತಿಗೆ ಸರಿಯಾಗಿ ಪೂರ್ತಿ ವೇಗದಲ್ಲಿ ಗೆರೆ ದಾಟಬೇಕು. ಅದಕ್ಕೆ ಮೊದಲು ಕೆಲವು ನಿಮಿಷ ಎಲ್ಲ ದೋಣಿಗಳೂ ಜಾಗಕ್ಕಾಗಿ ಅತ್ತಿತ್ತ ಸುತ್ತುತ್ತಿರುತ್ತವೆ. ಬೋಯ್ ಅಂತ ಕರೆಯುವ ತೇಲುಗುರುತುಗಳನ್ನು ನೋಡಿ 'ರೇಸ್ ಇಷ್ಟರೊಳಗೇ' ಅಂತ ಅಂದುಕೊಂಡರೆ ತಪ್ಪಾಗುತ್ತದೆ.

ಎಲ್ಲರ ದಾರಿಯನ್ನು ಮುಚ್ಚುವ ಹಕ್ಕು ಯಾರಿಗೆ?

ಈಗ ಮೊದಲ ಪ್ರಶ್ನೆ. ನದಿ ಎಲ್ಲರದ್ದು ಅಲ್ವಾ?

ಹೌದು. ಇದನ್ನು ಅಮೆರಿಕದ ಉದಾಹರಣೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಹಕ್ಕೂ ಬರಹದಲ್ಲಿದೆ, ಅದನ್ನು ತಡೆಯುವ ಕ್ರಮವೂ ಬರಹದಲ್ಲಿದೆ. 1787ರ ನಾರ್ತ್‌ವೆಸ್ಟ್ ಆರ್ಡಿನೆನ್ಸ್ ಅನ್ನುವ ಶಾಸನದಲ್ಲಿ, ಮಿಸಿಸಿಪ್ಪಿಗೂ ಸೇಂಟ್ ಲಾರೆನ್ಸ್ ನದಿಗೂ ಸೇರುವ, ದೋಣಿ ಸಾಗುವಂಥ ನೀರೆಲ್ಲ ಎಲ್ಲರಿಗೂ ಸೇರಿದ ಹೆದ್ದಾರಿ, ಎಂದೆಂದಿಗೂ ಮುಕ್ತ ಅಂತ ಬರೆದಿಟ್ಟಿದ್ದಾರೆ. ಒಹಾಯೊ ನದಿ ಮಿಸಿಸಿಪ್ಪಿಗೆ ಸೇರುತ್ತದೆ. ಆ ನದಿಯ ದಡದ ಮ್ಯಾಡಿಸನ್ ಎಂಬ ಪುಟ್ಟ ಊರಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ದೋಣಿ ರೇಸ್ ನಡೆಯುತ್ತ ಬಂದಿದೆ. ಊರಿನವರೇ ಸೇರಿ ಇಟ್ಟುಕೊಂಡ 'ಮಿಸ್ ಮ್ಯಾಡಿಸನ್' ಎಂಬ ಹೈಡ್ರೋಪ್ಲೇನ್ 1971ರಲ್ಲಿ ತನ್ನ ಊರಿನ ನೀರಿನಲ್ಲೇ ಗೋಲ್ಡ್ ಕಪ್ ಎಂಬ ಅಮೆರಿಕದ ದೊಡ್ಡ ದೋಣಿ ರೇಸ್ ಗೆದ್ದಿತು.

ಈ ಗೋಲ್ಡ್ ಕಪ್ ಶುರುವಾಗಿದ್ದು 1904ರಲ್ಲಿ, ಹಡ್ಸನ್ ನದಿಯಲ್ಲಿ. ಆಗ ಗೆದ್ದ ದೋಣಿಯ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರನ್ನೂ ಮುಟ್ಟಿರಲಿಲ್ಲ. ಆದರೂ ಜನ ದೋಣಿ ಹತ್ತಿ ನೋಡಲು ಮುಗಿಬೀಳುವುದು ಆಗಲೇ ಇತ್ತು. 1908ರಲ್ಲಿ ಅಮೆರಿಕದ ಸಂಸತ್ತು ದೋಣಿ ರೇಸ್ ಮತ್ತು ಜಲಮೆರವಣಿಗೆಗಳ ಹೊತ್ತಿನಲ್ಲಿ ಸುರಕ್ಷತೆಗೆ ನಿಯಮ ಮಾಡುವ ಅಧಿಕಾರ ಕೊಡುವ ಕಾನೂನು ತಂದಿತು. ಇವತ್ತು ಆ ಅಧಿಕಾರ ಕೋಸ್ಟ್ ಗಾರ್ಡ್, ಅಂದರೆ ಕರಾವಳಿ ಕಾವಲು ಪಡೆಯ ಕೈಯಲ್ಲಿದೆ. ಮುಕ್ತ ಹೆದ್ದಾರಿಯನ್ನು ಕೆಲವು ಗಂಟೆ ತಡೆಯುವುದು ದೊಡ್ಡ ಮಾತು. ಹೀಗಾಗಿ ಸುಮ್ನೆ ಬಂದು ಹಗ್ಗ ಕಟ್ಟುವ ಹಾಗಿಲ್ಲ. ಕಾರಣ ಬರೆಯಬೇಕು, ಅವಧಿ ಬರೆಯಬೇಕು, ಯಾರ್ಯಾರಿಗೆ ತೊಂದರೆ ಅಂತ ಲೆಕ್ಕ ಹಾಕಬೇಕು.

ಮೊದಲ ಹೆಜ್ಜೆ ರೇಸ್ ನಡೆಸುವವರದ್ದು. ಹೊಸ ರೇಸ್ ಆದರೆ 135 ದಿನ ಮೊದಲೇ ಅರ್ಜಿ ಹಾಕಬೇಕು, ಅಂದರೆ ನಾಲ್ಕೂವರೆ ತಿಂಗಳು. ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಥರ ನಡೆಯುವ ರೇಸ್‌ಗೆ 60 ದಿನದ ರಿಯಾಯಿತಿ ಸಿಗಬಹುದು. ಎಷ್ಟು ದೋಣಿ ಓಡುತ್ತವೆ, ಯಾವ ಥರದವು, ನೋಡಲು ಎಷ್ಟು ದೋಣಿ ಬರಬಹುದು, ಗಸ್ತಿಗೆ ನೀವೇ ಎಷ್ಟು ದೋಣಿ ಕೊಡುತ್ತೀರಿ, ಯಾವ ಹೊತ್ತಿಗೆ ಏನು ನಡೆಯುತ್ತದೆ, ಎಲ್ಲ ಬರೆದು, ನದಿಯ ನಕ್ಷೆಯ ಮೇಲೆ ಸುತ್ತಿನ ಗೆರೆ ಎಳೆದು ಕೊಡಬೇಕು. 135 ದಿನ ಜಾಸ್ತಿ ಅನ್ನಿಸಬಹುದು. ಆದರೆ ನಡುವೆ ಕರಡು ನಿಯಮವನ್ನು ಸರ್ಕಾರದ ಗೆಜೆಟ್ಟಿನಂಥ ಫೆಡರಲ್ ರಿಜಿಸ್ಟರಿನಲ್ಲಿ ಪ್ರಕಟಿಸಿ, ಜನರ ಅಭಿಪ್ರಾಯ ಕೇಳಿ, ಆಮೇಲೆ ಅಂತಿಮ ನಿಯಮ ಬರಬೇಕು. ತನ್ನ ಜೆಟ್ಟಿ ಇರುವ ಜಾಗವೇ ಮುಚ್ಚುತ್ತದೆ ಅಂತ ತಿಳಿದ ವ್ಯಾಪಾರಿಗೆ ಮಾತಾಡಲು ಅವಕಾಶ ಇರುವುದು ಆಗಲೇ. ಈ ಅವಕಾಶವನ್ನು ಬಳಸಿಕೊಳ್ಳುವವರು ಕಡಿಮೆ ಅನ್ನುವುದು ನನ್ನ ಬೇಸರ. ಹಿಂದಿನ ತಿಂಗಳು ಬರೆದ ಒಂದು ಪತ್ರ, ರೇಸ್ ದಿನ ಗಸ್ತು ದೋಣಿಯವರ ಜೊತೆ ಮಾಡಿದ ಜಗಳಕ್ಕಿಂತ ಎಷ್ಟೋ ಕೆಲಸ ಮಾಡುತ್ತದೆ.

ನಿಯಮದಲ್ಲಿ ಎರಡು ಬಗೆ ಇವೆ. ರೇಸ್, ಮೆರವಣಿಗೆಗಳಿಗೆ 'ಸ್ಪೆಷಲ್ ಲೋಕಲ್ ರೆಗ್ಯುಲೇಶನ್' ಎಂಬ ವಿಶೇಷ ಸ್ಥಳೀಯ ನಿಯಮ. ಇದು ನೋಡುವವರೂ ಓಡುವವರೂ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುತ್ತದೆ. ಪಟಾಕಿ ಪ್ರದರ್ಶನ, ಸೇತುವೆ ಕೆಲಸದಂಥ ಅಪಾಯಗಳಿಗೆ 'ಸೇಫ್ಟಿ ಝೋನ್', ಅಂದರೆ ಅನುಮತಿ ಇಲ್ಲದೆ ಒಳಗೆ ಬರುವಂತಿಲ್ಲ. ದೋಣಿಯವರಿಗೆ ಎರಡೂ ಒಂದೇ ಥರ ಕಂಡರೂ, ಹಗಲು ರೇಸ್ ಇದ್ದು ರಾತ್ರಿ ಪಟಾಕಿ ಇರುವ ದಿನ ಎರಡು ಬೇರೆ ಬೇರೆ ಗಡಿಗಳಿರಬಹುದು. ಒಂದೇ ಪ್ರಕಟಣೆ ನೋಡಿ ಸುಮ್ಮನಾಗಬಾರದು.

ನಕ್ಷೆಯ ಮೇಲಿನ ಗೆರೆಗಳು

ಮುಚ್ಚಿದ ನದಿ ಅಂದರೆ ಪೂರ್ತಿ ಖಾಲಿ ನೀರಲ್ಲ. ಒಳಗೆ ಪದರಗಳಿರುತ್ತವೆ. ನಡುವೆ ರೇಸ್ ನಡೆಯುವ ಜಾಗ. ಅದರ ಸುತ್ತ ಯಾರೂ ಇರಬಾರದ ಖಾಲಿ ಪಟ್ಟಿ. ಈ ಪಟ್ಟಿಯೇ ಎಲ್ಲಕ್ಕಿಂತ ಮುಖ್ಯ. ಹಿಡಿತ ತಪ್ಪಿದ ದೋಣಿ ಬಂದು ನಿಲ್ಲಲು, ರಕ್ಷಣಾ ದೋಣಿ ಓಡಲು, ದೂರದ ಅಲೆ ಸ್ವಲ್ಪ ಇಳಿಯಲು ಇರುವ ಜಾಗ ಅದು. ಅದರಾಚೆ ನೋಡುವವರಿಗೆ ಗುರುತು ಮಾಡಿಕೊಟ್ಟ ನೀರು. ಅಲ್ಲಿ ಲಂಗರು ಹಾಕಬಹುದು, ಓಡಾಡಿದರೆ ಅಲೆ ಏಳದಷ್ಟು ನಿಧಾನ ಮಾತ್ರ. ಇವೆಲ್ಲ ಸೇರಿದ ದೊಡ್ಡ ಚೌಕವೇ ಪ್ರಕಟಣೆಯಲ್ಲಿ ಬರುವ ನಿಯಂತ್ರಿತ ಪ್ರದೇಶ. ಒಹಾಯೊದಂಥ ನದಿಯಲ್ಲಿ ಅದನ್ನು ಮೈಲಿಗಲ್ಲಿನ ಲೆಕ್ಕದಲ್ಲಿ ಹೇಳುತ್ತಾರೆ. ಪಿಟ್ಸ್‌ಬರ್ಗ್‌ನಲ್ಲಿ ಸೊನ್ನೆಯಿಂದ ಶುರುವಾಗಿ, ಮಿಸಿಸಿಪ್ಪಿ ಸೇರುವ ಕೈರೋ ಊರಿನ ಹತ್ತಿರ 981ಕ್ಕೆ ಆ ಲೆಕ್ಕ ಮುಗಿಯುತ್ತದೆ.

ಎಲ್ಲ ನದಿಗೂ ಒಂದೇ ಬೀಗ ಆಗುವುದಿಲ್ಲ. ಡೆಟ್ರಾಯಿಟ್ ನದಿಯಲ್ಲಿ ದೊಡ್ಡ ಸರಕು ಹಡಗುಗಳು ಓಡಾಡುತ್ತವೆ. ಆದರೆ ಅಲ್ಲಿ ನದಿಯ ನಡುವೆ ಬೆಲ್ ಐಲ್ ಎಂಬ ದ್ವೀಪವಿದೆ. ರೇಸ್ ನಡೆಯುತ್ತ ಬಂದದ್ದು ದ್ವೀಪಕ್ಕೂ ಡೆಟ್ರಾಯಿಟ್ ದಡಕ್ಕೂ ನಡುವಿನ ಕವಲಿನಲ್ಲಿ. ಹಡಗುಗಳು ಕೆನಡಾ ಕಡೆಯ ಕವಲಿನಲ್ಲಿ ಹೋಗುತ್ತವೆ. ನದಿಯೇ ಜಗಳ ಬಿಡಿಸಿಕೊಟ್ಟಿದೆ.

ಮ್ಯಾಡಿಸನ್‌ನಲ್ಲಿ ಆ ಅನುಕೂಲ ಇಲ್ಲ. ಒಹಾಯೊ ಅಲ್ಲಿ ಒಂದೇ ಪಾತ್ರದಲ್ಲಿ ಹರಿಯುತ್ತದೆ. ಕಲ್ಲಿದ್ದಲು, ಧಾನ್ಯ, ಜಲ್ಲಿ ಹೊತ್ತ ಬಾರ್ಜು ಎಂಬ ಚಪ್ಪಟೆ ತಳದ ಸರಕು ದೋಣಿಗಳೂ ಅದರಲ್ಲೇ ಹೋಗಬೇಕು. ಅಲ್ಲಿನ ಸಾಮಾನ್ಯ ಸಾಲು ಅಂದರೆ ಹದಿನೈದು ಬಾರ್ಜು, ಅಗಲಕ್ಕೆ ಮೂರು, ಉದ್ದಕ್ಕೆ ಐದು. ಒಂದೊಂದೂ 195 ಅಡಿ ಉದ್ದ, 35 ಅಡಿ ಅಗಲ, ಸುಮಾರು 1,500 ಟನ್ ಸರಕು. ಎಲ್ಲವನ್ನೂ ಉಕ್ಕಿನ ಹಗ್ಗದಲ್ಲಿ ಬಿಗಿದು ಹಿಂದಿನಿಂದ ಒಂದೇ ದೋಣಿ ತಳ್ಳುತ್ತದೆ. ಒಟ್ಟು 1,000 ಅಡಿಗೂ ಜಾಸ್ತಿ ಉದ್ದ, 22,500 ಟನ್ ಸರಕು. ಹಿಂದೆ ಚುಕ್ಕಾಣಿ ಹಿಡಿದು ನಿಂತ ಪೈಲಟ್‌ಗೆ ಮುಂದಿನ ಬಾರ್ಜಿನ ಮೂತಿಯ ಎದುರು ನೂರಾರು ಅಡಿ ನೀರು ಕಾಣುವುದೇ ಇಲ್ಲ. ಎಂಜಿನ್ ಹಿಂದಕ್ಕೆ ತಿರುಗಿಸಿದರೂ ಇದು ನಿಲ್ಲುವುದಕ್ಕೆ ಒಂದು ಕಿಲೋಮೀಟರ್ ಆಸುಪಾಸು ಬೇಕಾಗಬಹುದು. ಸೆಳವಿನ ಜೊತೆ ಕೆಳಕ್ಕೆ ಬರುತ್ತಿದ್ದರೆ ಇನ್ನೂ ಕಷ್ಟ.

ಅಂಥದ್ದನ್ನು ರೇಸ್ ಜಾಗದ ಬಾಗಿಲಲ್ಲಿ ತಡೆಯಲಾಗುವುದಿಲ್ಲ. ಬಹಳ ಮೊದಲೇ ರೇಡಿಯೋದಲ್ಲಿ ಮಾತಾಡಿ, ಮೇಲೆಯೇ ದಡಕ್ಕೆ ಹೊಂದಿಸಿ ನಿಲ್ಲಿಸಬೇಕು. ಇಲ್ಲವೇ ಎರಡು ಸುತ್ತುಗಳ ನಡುವೆ ಹೊತ್ತು ಗೊತ್ತು ಮಾಡಿ, ಬೋಯ್‌ಗಳಿಗೆ ತಾಗದಂತೆ ದಾಟಿಸಬೇಕು. ಇದನ್ನು ತೀರ್ಮಾನಿಸುವವರು ಗಸ್ತು ಕಮಾಂಡರ್. ಕೋಸ್ಟ್ ಗಾರ್ಡ್ ಆ ದಿನಕ್ಕೆ ನೇಮಿಸಿದ ಅಧಿಕಾರಿ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಬಹಳ ಗೌರವ ಬರುವುದು ಇವರ ಕೆಲಸದ ಮೇಲೆ. ಒಂದು ಕಡೆ ಸಾವಿರಾರು ಜನ ದಡದಲ್ಲಿ ಬಿಸಿಲಿಗೆ ಕಾಯುತ್ತಿದ್ದಾರೆ. ಇನ್ನೊಂದು ಕಡೆ ಸಾವಿರಾರು ಟನ್ ಸರಕು ಗಂಟೆಗಟ್ಟಲೆ ನಿಂತಿದೆ. ನಡುವೆ ಯಾರದೋ ಪುಟ್ಟ ದೋಣಿಯ ಎಂಜಿನ್ ಕೆಟ್ಟಿದೆ. ಮೂರನ್ನೂ ಒಟ್ಟಿಗೆ ನೋಡಬೇಕು.

ಕೆಲವೊಮ್ಮೆ ನದಿಯೇ ಬೇಡ ಅನ್ನುತ್ತದೆ. ಮೇಲೆ ಜೋರು ಮಳೆಯಾದರೆ ನೀರು ಏರಿ, ಮರದ ದಿಮ್ಮಿಗಳು ತೇಲಿ ಬರುತ್ತವೆ. ಮ್ಯಾಡಿಸನ್‌ನಲ್ಲಿ ನೆರೆಯಿಂದ ರೇಸನ್ನೇ ಕೈಬಿಟ್ಟ ವರ್ಷಗಳಿವೆ. ನದಿಯನ್ನು ಎಷ್ಟೇ ಬಿಗಿಯಾಗಿ ಮುಚ್ಚಿದರೂ ದಿಮ್ಮಿಗೆ ಪ್ರಕಟಣೆ ಓದಲು ಬರುವುದಿಲ್ಲವಲ್ಲ.

ನೀವು ನೀರಿನ ಮೇಲಿದ್ದರೆ

ಅಮೆರಿಕದ ಇಂಥ ನದಿಯಲ್ಲಿ ದೋಣಿ ಇಳಿಸುವ ಮೊದಲೇ ನೋಡಬೇಕಾದ್ದು ನಾವಿಕರ ಸ್ಥಳೀಯ ಸೂಚನೆ, ಅಂದರೆ ಲೋಕಲ್ ನೋಟಿಸ್ ಟು ಮ್ಯಾರಿನರ್ಸ್. ಯಾವ ದಿನ, ಎಷ್ಟರಿಂದ ಎಷ್ಟರವರೆಗೆ, ಎಲ್ಲಿಂದ ಎಲ್ಲಿಗೆ ಅಂತ ಅದರಲ್ಲಿರುತ್ತದೆ. ಆ ದಿನದ ಬದಲಾವಣೆಗಳು ರೇಡಿಯೋದಲ್ಲಿ ಬರುತ್ತವೆ. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್ ಹಾಕಿಡಿ. ಮುಚ್ಚಿದ ಜಾಗ ದಾಟಲೇಬೇಕಾದರೆ ಅದರಲ್ಲೇ ಗಸ್ತು ಕಮಾಂಡರನ್ನು ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮುಚ್ಚಿದೆ ಅಂದರೆ ಕೇಳಲೇಬಾರದು ಅಂತಲ್ಲ. ನಿಮ್ಮ ದೋಣಿ ಯಾವುದು, ಎಲ್ಲಿದ್ದೀರಿ, ಎಲ್ಲಿಗೆ ಹೋಗಬೇಕು ಅಂತ ಚುಟುಕಾಗಿ ಹೇಳಿ, ಉತ್ತರ ಬರುವವರೆಗೆ ಇದ್ದಲ್ಲೇ ಇರಿ.

ರೇಡಿಯೋ ಇಲ್ಲದವರಿಗೆ ಕಿವಿ ಇದೆ. ಗಸ್ತು ದೋಣಿ ಒಂದರ ಹಿಂದೆ ಒಂದು ಚಿಕ್ಕ ಚಿಕ್ಕ ಹಾರ್ನ್ ಅಥವಾ ಸೀಟಿ ಹೊಡೆದರೆ 'ನಿಲ್ಲಿ' ಅಂತ ಅರ್ಥ. ಆಗ ಯಾರಿಗೋ ಹೊಡೆದಿರಬೇಕು ಅಂತ ಮುಂದೆ ಹೋಗಬಾರದು. ನಿಲ್ಲಿಸಿ, ತಿರುಗಿ ನೋಡಿ, ಅವರು ಹೇಳಿದಂತೆ ಮಾಡಿ. ಮಾತು ಕೇಳದಿದ್ದರೆ ಹೊರಗೆ ಕಳಿಸುತ್ತಾರೆ, ಕೇಸೂ ಆಗಬಹುದು. ನೀವು ಒಳಗೆ ಬಂದದ್ದರಿಂದ ಕೆಂಪು ಬಾವುಟ ಬಿದ್ದು ರೇಸ್ ನಿಂತರೆ, ಅಷ್ಟು ದೋಣಿಗಳೂ ಒಟ್ಟಿಗೆ ವೇಗ ಇಳಿಸಬೇಕು. ವೇಗ ಇಳಿದ ಹೈಡ್ರೋಪ್ಲೇನ್ ನೀರಿಗೆ ಕೂತು ತಾನೇ ದೊಡ್ಡ ಅಲೆ ಎಬ್ಬಿಸುತ್ತದೆ. ಅದರ ಹಿಂದೆ ಬರುತ್ತಿದ್ದವನಿಗೆ ಆ ಅಲೆಯೇ ಗಂಡಾಂತರ.

ನೋಡಲು ಹೋಗುವವರು ಲಂಗರಿನ ಕಡೆ ಗಮನ ಕೊಡಬೇಕು. ಸೆಳವಿನ ನದಿಯಲ್ಲಿ ನೀರಿನ ಆಳದಷ್ಟೇ ಉದ್ದದ ಹಗ್ಗ ಬಿಟ್ಟರೆ ಲಂಗರು ಕಚ್ಚುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಆಳದ ಐದಾರು ಪಟ್ಟು ಹಗ್ಗ ಬಿಡಿ. ದೋಣಿಯ ಮೂತಿಗೇ ಕಟ್ಟಿ, ಹಿಂಬದಿಗೆ ಕಟ್ಟಬೇಡಿ. ಹಿಂದೆ ಕಟ್ಟಿದರೆ ಸೆಳವು ಹಿಂಬದಿಯನ್ನು ಕೆಳಕ್ಕೆ ಎಳೆದು ನೀರು ತುಂಬುತ್ತದೆ. ಹಾಕಿದ ಮೇಲೆ ದಡದ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡು ಹತ್ತು ನಿಮಿಷ ನೋಡಿ. ಮರ ಸರಿಯುತ್ತಿದೆ ಅನ್ನಿಸಿದರೆ ಸರಿಯುತ್ತಿರುವುದು ನೀವು. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ, ಮಕ್ಕಳಿಗಂತೂ ಖಂಡಿತ.

ರೇಸ್ ಮುಗಿದ ಮೇಲಿನ ಅರ್ಧ ಗಂಟೆಯಲ್ಲೂ ಎಚ್ಚರ ಬೇಕು. ಎಲ್ಲರಿಗೂ ಒಟ್ಟಿಗೆ ಮನೆಗೆ ಹೋಗುವ ಆತುರ. ದಿನವಿಡೀ ಬಿಸಿಲಿನಲ್ಲಿ ಕೂತು ಸುಸ್ತಾಗಿರುತ್ತದೆ. ಒಂದೇ ಜೆಟ್ಟಿಗೆ ನೂರು ದೋಣಿ ನುಗ್ಗಿದರೆ ಅಲೆಯ ಮೇಲೆ ಅಲೆ ಎದ್ದು ಚಿಕ್ಕ ದೋಣಿಗಳು ತುಂಬಿಕೊಳ್ಳುತ್ತವೆ. ಹೀಗಾಗಿ ಕೊನೆಯ ರೇಸ್ ದೋಣಿ ದಡ ಸೇರಿದರೂ ನದಿ ತಕ್ಷಣ ತೆರೆಯುವುದಿಲ್ಲ.

ಮೊದಲು ಗಸ್ತು ದೋಣಿ ಸುತ್ತಿನ ಉದ್ದಕ್ಕೂ ನಿಧಾನ ಒಂದು ಸಲ ಹೋಗಿ ಬರುತ್ತದೆ, ಒಡೆದ ಚೂರು, ಕಿತ್ತುಬಂದ ಬೋಯ್ ಏನಾದರೂ ಇದೆಯಾ ಅಂತ. ಆಮೇಲೆ ದೋಣಿಗಳನ್ನು ಸ್ವಲ್ಪ ಸ್ವಲ್ಪವಾಗಿ, ಅಲೆ ಎಬ್ಬಿಸದ ವೇಗದಲ್ಲಿ ಬಿಡುತ್ತಾರೆ. 16ನೇ ಚಾನೆಲ್ಲಿನಲ್ಲಿ ನಿರ್ಬಂಧ ತೆಗೆದಿದೆ ಅನ್ನುವ ಮಾತು ಬರುತ್ತದೆ. ಮೇಲ್ಗಡೆಯ ತಿರುವಿನಲ್ಲಿ ದಡಕ್ಕೊರಗಿ ನಿಂತಿದ್ದ ಬಾರ್ಜು ಸಾಲಿನ ಪೈಲಟ್ ಎಂಜಿನ್ ಏರಿಸುತ್ತಾನೆ. 1,000 ಅಡಿ ಉದ್ದದ ಸಾಲು ಹೊರಟಿದೆ ಅಂತ ಗೊತ್ತಾಗಲು ಒಂದೆರಡು ನಿಮಿಷ ಬೇಕಾಗುತ್ತದೆ.